ಮಗಳನ್ನು ಬಿಟ್ಟ ತಂದೆಗೆ ಹೇಳಿದ ಮಾತು

ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಬೇಕು, ತಕ್ಕಡಿಯಲ್ಲಿ ಮೋಸ ಕೂಡದು. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಇಂಥ ಕಟ್ಟಳೆಗಳ ಸಾಲಿನಲ್ಲೇ 29ನೆಯ ವಚನವೂ ಇದೆ. ಮಗಳನ್ನು ಸೂಳೆತನಕ್ಕೆ ಒಪ್ಪಿಸಕೂಡದೆಂದು ಅದು ತಂದೆಯನ್ನು ತಡೆಯುತ್ತದೆ. ಹಾಗೆ ಮಾಡಿದರೆ ಇಡೀ ನಾಡೇ ಕೆಡುತ್ತದೆ ಎನ್ನುತ್ತದೆ. ಮಗಳ ನಡತೆಯ ಬಗ್ಗೆ ಅಲ್ಲಿ ಒಂದು ಶಬ್ದವೂ ಇಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆನಾಡಿನಲ್ಲಿ ಕೂತು ಇದನ್ನು ಓದುವವರಿಗೆ ಭಾಷ್ಯಕಾರರ ನೆರವು ಬೇಕಾಗಿಲ್ಲ. ‘ಮುತ್ತು ಕಟ್ಟೋದು’, ‘ದೇವರಿಗೆ ಬಿಡೋದು’ ಅಂದರೆ ಮಗಳನ್ನು ದೇವದಾಸಿಯಾಗಿಸುವುದು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಬಿಡುವವರು ತಂದೆ-ತಾಯಿ, ಮೈ ಬಳಸುವವರು ಊರಿನ ಉಳ್ಳವರು, ಹೆಸರು ಕೆಡುವುದು ಮಾತ್ರ ಹುಡುಗಿಯದು. ಮುಂಬಯಿ ಪ್ರಾಂತ್ಯ 1934ರಲ್ಲೇ ಇದನ್ನು ನಿಷೇಧಿಸಿತ್ತು. ಕರ್ನಾಟಕದ 1982ರ ಕಾಯ್ದೆ, ಬಿಟ್ಟವರು ಹೆತ್ತವರೋ ಬಂಧುಗಳೋ ಆಗಿದ್ದರೆ ಶಿಕ್ಷೆಯನ್ನು ಇನ್ನೂ ಬಿಗಿಮಾಡಿ, ಎರಡರಿಂದ ಐದು ವರ್ಷದ ಸೆರೆವಾಸ ವಿಧಿಸಿತು. ಅದಾಗಿ ಕಾಲು ಶತಮಾನದ ಮೇಲೆ, 2007-08ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಲೆಕ್ಕಹಾಕಿತು.

ಇಂಥ ನೆಲಕ್ಕೆ ಬೈಬಲಿನ ಲೈಂಗಿಕ ನೀತಿಯನ್ನು ಹೊತ್ತು ತಂದದ್ದು ಮುಖ್ಯವಾಗಿ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ, ಮುಂದೆ ವಿಜಯಪುರಕ್ಕೂ ಅದು ಬಂತು. ಅದರ ಬೇರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿತ್ತು. ಒಬ್ಬೊಬ್ಬರೂ ತಮ್ಮ ಪಾಪವನ್ನು ತಾವೇ ಕಂಡುಕೊಂಡು ಪಶ್ಚಾತ್ತಾಪಪಡಬೇಕು, ತಪ್ಪಿ ನಡೆದವರು ಹಿರಿಯರ ಮುಂದೆ ನಿಲ್ಲಬೇಕು, ತಿದ್ದಿಕೊಳ್ಳುವ ತನಕ ಕರ್ತನ ರಾತ್ರಿಭೋಜನದಿಂದ ದೂರವಿರಬೇಕು. ಮಿಷನರಿಗಳಿಗೂ ವಿನಾಯಿತಿ ಇರಲಿಲ್ಲ. ಬಾಸೆಲ್ ಕಮಿಟಿಯ ಒಪ್ಪಿಗೆ ಇಲ್ಲದೆ ಅವರು ಮದುವೆಯಾಗುವಂತಿರಲಿಲ್ಲ.

ಈ ಶಿಸ್ತನ್ನು ಹಳಿಯುವ ಮೊದಲು ಅದು ಮಾಡಿದ ಒಳ್ಳೆಯದನ್ನು ಹೇಳಲೇಬೇಕು. ಇನ್ನೊಬ್ಬಳನ್ನು ಇಟ್ಟುಕೊಳ್ಳುವುದು ಗಂಡಸಿಗೆ ದೊಡ್ಡಸ್ತಿಕೆಯಾಗಿದ್ದ ಊರುಗಳಲ್ಲಿ ಗಂಡಿಗೂ ಹೆಣ್ಣಿಗೂ ಅದು ಒಂದೇ ನಿಯಮ ಇಟ್ಟಿತು. ಸರ್ಕಾರವೇ ಅಷ್ಟು ನ್ಯಾಯವಾಗಿರಲಿಲ್ಲ. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಯೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ತೋರಿಸಿಕೊಡಬೇಕಿತ್ತು. ಆ ಭೇದ ತೊಲಗಿದ್ದು 2001ರಲ್ಲಿ.

ಆದರೂ ಈ ಪರಂಪರೆ ಮೋಶೆಯ ಧರ್ಮಶಾಸ್ತ್ರವನ್ನು ಅರ್ಧವಷ್ಟೇ ಓದಿತೆಂದು ನನಗನ್ನಿಸುತ್ತದೆ. ಅದರ ಕಣ್ಣು ಪಾಪ ಮಾಡಿದ ಮೈಯ ಮೇಲೆಯೇ ನೆಟ್ಟಿತ್ತು, ಆ ಮೈಯನ್ನು ಅಲ್ಲಿಗೆ ದೂಡಿದ ಕೈಯನ್ನು ಹುಡುಕಲಿಲ್ಲ. ಕನ್ನಡ ಬೈಬಲಿನಲ್ಲಿ ವ್ಯಭಿಚಾರ, ಹಾದರ, ಜಾರತ್ವ ಎಂಬ ಮಾತುಗಳು ಬರುತ್ತವೆ. ನಮ್ಮ ಕಡೆ ‘ಹಾದರಗಿತ್ತಿ’ ಎಂಬ ಬೈಗುಳ ಕಟ್ಟೆಯ ಮೇಲೆ ದಿನಾ ಕಿವಿಗೆ ಬೀಳುತ್ತದೆ. ಅದರ ಗಂಡು ರೂಪ ಯಾರ ಬಾಯಿಗೂ ಅಷ್ಟು ಸಲೀಸಾಗಿ ಬಾರದು. ಪ್ರಸಂಗಪೀಠದ ನಿಯಮ ಇಬ್ಬರಿಗೂ ಒಂದೇ ಇದ್ದರೂ ಕೇಳುವ ಕಿವಿಯಲ್ಲಿ ಅದು ಹೆಣ್ಣಿನ ಮೇಲಿನ ಆರೋಪವಾಗಿ ಬಿಡುತ್ತಿತ್ತು. ಚಿಕ್ಕಂದಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಒಬ್ಬಾಕೆ, ಸಭೆಯಲ್ಲಿ ರಾತ್ರಿಭೋಜನದ ರೊಟ್ಟಿಯ ತಟ್ಟೆ ಬಂದಾಗ ತಲೆಬಗ್ಗಿಸಿ ಹಿಂದಿನ ಸಾಲಿನಲ್ಲೇ ಕೂತಿರುತ್ತಿದ್ದುದನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. ಆಕೆಯನ್ನು ಬಿಟ್ಟವರ ಹೆಸರನ್ನು ಯಾರೂ ಎತ್ತಲಿಲ್ಲ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ತೆಗೆಯಿರಿ. ಅಡವಿಯಲ್ಲಿ ಹುಡುಗಿಯ ಮೇಲೆ ಬಲಾತ್ಕಾರವಾದರೆ ಅವಳಲ್ಲಿ ತಪ್ಪಿಲ್ಲ. ಕೂಗಿರುತ್ತಾಳೆ, ಬಿಡಿಸುವವರು ಇರಲಿಲ್ಲ ಎಂದೇ ತಿಳಿಯಬೇಕು. ಅವಳಿಗಾದದ್ದನ್ನು ಆ ಶಾಸ್ತ್ರ ಕೊಲೆಗೆ ಹೋಲಿಸುತ್ತದೆ. ಆಳೆತ್ತರದ ಬಿಳಿಜೋಳದ ಹೊಲದಲ್ಲಿ ಕೂಗು ಎಷ್ಟು ದೂರ ಹೋಗುತ್ತದೆ ಎಂದು ಬಲ್ಲ ನಮಗೆ ಇದರ ಆಳ ಅರ್ಥವಾಗಬೇಕು. ಯಾರೂ ಕೇಳಿಸಿಕೊಳ್ಳದ ಕೂಗನ್ನು ನ್ಯಾಯವೇ ಕೇಳಿಸಿಕೊಳ್ಳುತ್ತದೆ. ಅದೇ ಅಧ್ಯಾಯದಲ್ಲಿ, ಊರೊಳಗಿದ್ದೂ ಕೂಗದವಳಿಗೆ ಕಲ್ಲೇಟಿದೆ, ಕೆಡಿಸಿದವನಿಗೇ ಹುಡುಗಿಯನ್ನು ಕಟ್ಟುವ ವಿಧಿಯೂ ಇದೆ. ಅವುಗಳನ್ನು ನಾನು ಸಮರ್ಥಿಸಲಾರೆ. ನೈತಿಕ, ವಿಧ್ಯಾಚಾರ, ನ್ಯಾಯಿಕ ಎಂದು ಥಾಮಸ್ ಅಕ್ವಿನಾಸ್ ಧರ್ಮಶಾಸ್ತ್ರವನ್ನು ಮೂರಾಗಿ ವಿಂಗಡಿಸಿದ. ಕ್ಯಾಲ್ವಿನ್ ಕೂಡ ಒಪ್ಪಿದ. ಈ ವಿಂಗಡಣೆಯಿಂದ ತೊಡಕು ಕೊಂಚ ಸಡಿಲವಾಯಿತು, ಆದರೆ ಯಾವುದು ಯಾವ ಗಂಟಿಗೆ ಸೇರುತ್ತದೆಂದು ಗೆರೆ ಎಳೆದದ್ದು ಪ್ರತಿ ಕಾಲದ ಗಂಡಸರೇ. ಗಂಡು-ಗಂಡಿನ ಕೂಟವನ್ನು ನಿಷೇಧಿಸುವ ಯಾಜಕಕಾಂಡದ 18ನೆಯ ಅಧ್ಯಾಯದ 22ನೆಯ ವಚನ, ಅಂಥ ಕೂಟ ಅಪರಾಧವಲ್ಲವೆಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವಂತೂ, ಸಭೆಗಳಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಎಲ್ಲಮ್ಮನಿಗೆ ಬಿಟ್ಟ, ಗಂಡಾಗಿ ಹುಟ್ಟಿ ಹೆಣ್ಣುಡುಗೆ ಉಡುವ ಜೋಗಪ್ಪಂದಿರು ನಮ್ಮ ಸಂತೆಗಳಲ್ಲೇ ಇದ್ದಾರೆ, ಅವರೊಡನೆ ಎರಡು ಮಾತಾಡಿದವರಿಲ್ಲ. ಮುಂದಿನ ಅಧ್ಯಾಯದ ತಂದೆಯ ಮೇಲಿನ ವಚನವನ್ನು ಹಿಡಿದು ಪ್ರಸಂಗ ಮಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಹತ್ತಿರದ ಹೋಲಿಕೆ ಬಾಗೇವಾಡಿಯಲ್ಲೇ ಹುಟ್ಟಿದ ಬಸವಣ್ಣನದು. ಏಳು ‘ಬೇಡ’ಗಳ ಅವನ ವಚನವನ್ನು ಮೋಶೆಯ ಹತ್ತು ಆಜ್ಞೆಗಳ ಪಕ್ಕ ಇಡುವುದು ವಾಡಿಕೆ. ಕಳವು, ಕೊಲೆ, ಸುಳ್ಳು ಎರಡರಲ್ಲೂ ಇವೆ. ವ್ಯಭಿಚಾರ ಆ ಏಳರಲ್ಲಿಲ್ಲ. ಪರವಧುವಿನ ಆಸೆಯನ್ನು ಶರಣರು ಬೇರೆಡೆ ಖಂಡಿಸಿದ್ದಾರೆ ನಿಜ. ಆದರೆ ಸೂಳೆ ಸಂಕವ್ವೆ ಎಂದೇ ಹೆಸರಾದವಳ ವಚನವೊಂದು ಉಳಿದು ಬಂದಿದೆ, ಅದರಲ್ಲಿ ಅವಳು ತನ್ನ ಕಸುಬಿನ ಮಾತಿನಲ್ಲೇ ನಿಷ್ಠೆಯನ್ನು ಹೇಳಿಕೊಂಡಿದ್ದಾಳೆ. ಶರಣರು ಅವಳಿಗೆ ಮಾತು ಕೊಟ್ಟರು. ಮಿಷನ್ನಿನ ಹಿರಿಯರ ಮುಂದೆ ಅಂಥವಳಿಗೆ ಇದ್ದ ಒಂದೇ ಮಾತು ತಪ್ಪೊಪ್ಪಿಗೆ. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರಕ್ಕಾಗಿ ಯೇಸುವಿನ ಮುಂದೆ ಎಳೆದು ತಂದ ಹೆಂಗಸು ತಪ್ಪೊಪ್ಪಿಕೊಂಡದ್ದೂ ಕಾಣುವುದಿಲ್ಲ. ಅವಳೊಡನೆ ಇದ್ದ ಗಂಡಸನ್ನು ಯಾರೂ ಎಳೆದು ತಂದಿರಲಿಲ್ಲ.

ತಪ್ಪಿಗೆ ದೂಡಿದ ಕೈಯನ್ನು ಹಿಡಿದ ಮಾದರಿ ಬೈಬಲಿನಲ್ಲೇ ಇದೆ. ಅರಸ ದಾವೀದ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು ಕೂಡಿದಾಗ, ಪ್ರವಾದಿ ನಾತಾನ ಅವನೆದುರು ನಿಂತು, ಬಡವನ ಒಂದೇ ಕುರಿಮರಿಯನ್ನು ಕಸಿದ ಸಿರಿವಂತನ ಕಥೆ ಹೇಳಿದ. ಬತ್ಷೆಬೆಯನ್ನು ಅವನು ದೂಷಿಸಲಿಲ್ಲ. ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ ತಂದೆಯರ ಸಾಲಿನಲ್ಲಿ ಮಾವನಿಂದ ಬಸಿರಾದ ತಾಮಾರಳನ್ನೂ ಸೂಳೆಯಾಗಿದ್ದ ರಾಹಾಬಳನ್ನೂ ಸೇರಿಸಿದ; ಬತ್ಷೆಬೆಯನ್ನು ಊರೀಯನ ಹೆಂಡತಿಯೆಂದೇ ಕರೆದು ದಾವೀದನ ತಪ್ಪನ್ನೂ ದಾಖಲಿಸಿದ. ದೇವದಾಸಿಯ ಮಗು ದೀಕ್ಷಾಸ್ನಾನಕ್ಕೆ ಬಂದಾಗ ತಂದೆಯ ಹೆಸರಿನ ಗೆರೆ ಖಾಲಿ ಬಿದ್ದಿರುತ್ತದೆ. ಆ ಮಗುವಿನ ತಾಯಿಯ ಹೆಸರನ್ನು ನಮ್ಮ ಸಭೆಗಳು ತಗ್ಗಿದ ದನಿಯಲ್ಲಿ ಕೇಳುವುದನ್ನು ಬಿಟ್ಟು, ಊರೀಯನ ಹೆಂಡತಿಯ ಪಕ್ಕದಲ್ಲಿ ಬರೆಯುವಷ್ಟೇ ಗೌರವದಿಂದ ಬರೆದುಕೊಳ್ಳಲಿ.