ಪುಡಿಯಾದ ಕ್ರಿಸ್‌ಮಸ್ ಮರ

ಹತ್ತು ಕೇಕುಗಳನ್ನು ದೊಡ್ಡ ಬೋಗುಣಿಗೆ ಹಾಕಿ ಹಿಸುಕಲು ಶುರುಮಾಡಿದಾಗಲೇ ನನಗೆ ಅನುಮಾನ ಬಂದಿತ್ತು. ಒಂದೊಂದೂ ಕ್ರಿಸ್‌ಮಸ್ ಮರದ ಆಕಾರದ ಕೇಕು. ಮೆತ್ತನೆಯ ಎರಡು ಪದರ, ನಡುವೆ ಕ್ರೀಮು, ಮೇಲೆಲ್ಲ ಬಿಳಿ ಐಸಿಂಗ್, ಅದರ ಮೇಲೆ ಅಂಕುಡೊಂಕಾಗಿ ಎಳೆದ ಕೆಂಪು ಗೆರೆ, ಉದುರಿಸಿದ ಹಸಿರು ಸಕ್ಕರೆ. ಐದು ನಿಮಿಷದಲ್ಲಿ ಮರವೂ ಇಲ್ಲ, ಪದರವೂ ಇಲ್ಲ. ಉಳಿದದ್ದು ಅಲ್ಲಲ್ಲಿ ಗುಲಾಬಿ ಬಣ್ಣ ಹತ್ತಿದ, ಕೈಗೆ ಅಂಟುವ ಒಂದು ಮುದ್ದೆ. ಅದಕ್ಕೆ ಕ್ರೀಮ್ ಚೀಸ್ ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಫ್ರಿಜ್ಜಿನಲ್ಲಿಟ್ಟೆವು. ಗಟ್ಟಿಯಾದ ಮೇಲೆ ಕರಗಿಸಿದ ಬಿಳಿ ಲೇಪದಲ್ಲಿ ಅದ್ದಿದೆವು. ಆಮೇಲೆ ಪ್ರತಿ ಉಂಡೆಯ ಮೇಲೂ ಕೆಂಪು ಗೆರೆ ಎಳೆದು ಹಸಿರು ಸಕ್ಕರೆ ಉದುರಿಸಿದೆವು. ಅಂದರೆ, ಸಂಜೆಯೆಲ್ಲ ಕೂತು ನಾವು ಮಾಡಿದ್ದಿಷ್ಟು: ಮೂರು ಬಗೆಯ ಮೆದುವಿದ್ದ ಒಂದು ಕೇಕನ್ನು ಅರೆದು ಒಂದೇ ಬಗೆ ಮಾಡಿ, ಅದರ ಮೈಮೇಲೆ ಅದರದೇ ಹಳೆಯ ಬಟ್ಟೆಯನ್ನು ತಿರುಗಿ ಉಡಿಸಿದ್ದು.

ತಂಗಿಯ ಮನೆ ಅಟ್ಲಾಂಟಾದ ಹೊರವಲಯದಲ್ಲಿದೆ. ಅವಳ ಬೀದಿಯವರು ಡಿಸೆಂಬರಿನಲ್ಲಿ ‘ಕುಕ್ಕಿ ಎಕ್ಸ್‌ಚೇಂಜ್’ ನಡೆಸುತ್ತಾರೆ. ಒಂದೊಂದು ಮನೆಯವರು ಒಂದೊಂದು ತಿನಿಸನ್ನು ಡಜನ್‌ಗಟ್ಟಲೆ ಮಾಡಿ ತಂದು ಹಂಚಿಕೊಂಡು, ಹಲವು ಬಗೆ ತುಂಬಿದ ಡಬ್ಬಿಯೊಂದಿಗೆ ಮನೆಗೆ ಮರಳುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳಿಂದ ನೆರೆಹೊರೆಗೆ ಹೋಗುವ ಕುಸ್ವಾರ್ ತಟ್ಟೆಯನ್ನು ನೋಡಿದವರಿಗೆ ಇದು ಹೊಸತೇನಲ್ಲ. ಆದರೆ ಆ ತಟ್ಟೆಯ ಕಿಡಿಯೊ, ನೆವ್ರಿಗಳಿಗೆ ಮನೆಮಂದಿಯೆಲ್ಲ ದಿನಗಟ್ಟಲೆ ಸುತ್ತ ಕೂತು ಕೈ ಹಾಕಬೇಕು. ಕೆಲಸ ಮುಗಿಸಿ ಆರು ಗಂಟೆಗೆ ಮನೆ ಸೇರುವ ತಂಗಿಯ ಕೈಯಲ್ಲಿದ್ದದ್ದು ಒಂದೇ ಸಂಜೆ. ಓವನ್ ಹಚ್ಚದೆ, ಕೊಂಡ ಕೇಕಿನಿಂದ ಕಟ್ಟುವ, ‘ಟ್ರಫಲ್’ ಎಂದು ಕರೆಯುವ ಈ ಉಂಡೆ ಹುಟ್ಟಿರುವುದೇ ಇಂಥ ಸಂಜೆಗಳಿಗಾಗಿ. ಹಾಗಾಗಿ ಅದನ್ನು ಮೂಗು ಮುರಿದು ತಳ್ಳಿಹಾಕುವ ಹಕ್ಕು, ರಜೆಗೆಂದು ಹೋಗಿ ಅವಳ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನನಗಿಲ್ಲ. ತಿಂದ ಮೇಲೆ ಸುಮ್ಮನಿರಲೂ ಆಗುತ್ತಿಲ್ಲ.

ಪುಡಿ ಕೇಕಿನ ಉಂಡೆ ಒಳ್ಳೆಯ ಮನೆತನದಿಂದ ಬಂದದ್ದು. ಡೆನ್ಮಾರ್ಕಿನ ಬೇಕರಿಗಳು ಮಾರಾಟವಾಗದೆ ಉಳಿದ ಕೇಕು, ಪೇಸ್ಟ್ರಿಗಳನ್ನೆಲ್ಲ ಕಲಸಿ, ಕೋಕೋ ಮತ್ತು ರಮ್ಮಿನ ಘಮ ಸೇರಿಸಿ, ಕೊಬ್ಬರಿ ತುರಿಯಲ್ಲೋ ಚಾಕೊಲೇಟ್ ಕಾಳಿನಲ್ಲೋ ಹೊರಳಿಸಿ ರಮ್ ಉಂಡೆ ಮಾಡುತ್ತಾ ಬಂದಿವೆ. ಸ್ವೀಡನ್ನಿನಲ್ಲಿ ಅದರ ದಾಯಾದಿಯೊಂದಿದೆ. ಹಸಿರು ಮಾರ್ಜಿಪಾನ್ ಸುತ್ತಿ ಎರಡು ತುದಿಗಳನ್ನೂ ಚಾಕೊಲೇಟಿನಲ್ಲಿ ಅದ್ದಿದ ಸಣ್ಣ ಕೊರಡು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರಿನ ಅರ್ಥ ವ್ಯಾಕ್ಯೂಮ್ ಕ್ಲೀನರ್. ನೋಡಲೂ ಹಾಗೇ ಇದೆ, ಬೇಕರಿಯವನು ದಿನದ ಕೊನೆಗೆ ಉಳಿದ ಪುಡಿಯನ್ನೆಲ್ಲ ಹೀರಿ ಇದರೊಳಗೆ ತುಂಬುತ್ತಾನೆ ಎಂಬ ಕುಹಕವೂ ಅದರಲ್ಲಿ ಸೇರಿಕೊಂಡಿದೆ. ಬೆಂಗಳೂರಿನ ಬೇಕರಿಗಳ ಗಾಜಿನ ಕಪಾಟಿನಲ್ಲಿ ಕಪ್ಪಗೆ ಕೂತಿರುವ ರಮ್ ಬಾಲ್ ಕೂಡ ಇದೇ ವಂಶದ್ದು. ಈ ಉಂಡೆಗಳಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ಕೆಲಸವಿತ್ತು. ಕೇಕು ಒಣಗಿತ್ತು, ಅದಕ್ಕೆ ಒದ್ದೆ ಬೇಕಿತ್ತು. ನಾಲ್ಕು ಥರದ ಕೇಕುಗಳ ರುಚಿ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅದನ್ನು ಮುಚ್ಚಲು ಕೋಕೋದ ಕಹಿ ಬೇಕಿತ್ತು. ಬಿಸಾಡಲು ಮನಸ್ಸಿಲ್ಲದವನ ಬುದ್ಧಿ ಅದು.

2008ರ ಹೊತ್ತಿಗೆ ಅಮೆರಿಕದಲ್ಲಿ ಈ ಬುದ್ಧಿ ತಲೆಕೆಳಗಾಯಿತು. ಬೇಕರೆಲ್ಲಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಂಜಿ ಡಡ್ಲಿ ಕೇಕಿನ ಉಂಡೆಯನ್ನು ಕಡ್ಡಿಗೆ ಸಿಕ್ಕಿಸಿ, ಬಣ್ಣದ ಲೇಪ ಹಾಕಿ ‘ಕೇಕ್ ಪಾಪ್’ ಎಂದು ಜನಪ್ರಿಯ ಮಾಡಿದರು. 2011ರಲ್ಲಿ ಸ್ಟಾರ್‌ಬಕ್ಸ್ ಕೂಡ ಅದನ್ನು ಮಾರಲು ಶುರುಮಾಡಿತು. ಉಳಿದ ಕೇಕಿಗೊಂದು ಗತಿ ಕಾಣಿಸುತ್ತಿದ್ದ ಉಂಡೆಗೆ ಈಗ ಹೊಸ ಕೇಕನ್ನೇ ಬೇಯಿಸಿ ಪುಡಿಮಾಡುವುದು ರೂಢಿಯಾಯಿತು. ಅದರ ಮುಂದಿನ ಹೆಜ್ಜೆ ಪೊಟ್ಟಣದ ಕೇಕು. ಬೇಯಿಸುವ ಕೆಲಸವೂ ತಪ್ಪಿತು.

ಆ ಪೊಟ್ಟಣದ ಕೇಕಿನ ಮೇಲೆ ನನ್ನ ದೂರಿಲ್ಲ. ಅಟ್ಲಾಂಟಾದಿಂದ ಎರಡು ಗಂಟೆಯ ಕಾರು ದಾರಿಯಲ್ಲಿ, ಟೆನೆಸ್ಸಿ ರಾಜ್ಯದ ಕಾಲೇಜ್‌ಡೇಲ್ ಎಂಬ ಸಣ್ಣ ಊರಿದೆ. ಅಲ್ಲಿನ ಮೆಕೀ ಫುಡ್ಸ್ ಕಂಪನಿ 1960ರಲ್ಲಿ ಸ್ಥಾಪಕರ ನಾಲ್ಕು ವರ್ಷದ ಮೊಮ್ಮಗಳ ಹೆಸರಿಟ್ಟು ಶುರುಮಾಡಿದ ಲಿಟಲ್ ಡೆಬ್ಬಿ ಸಾಲಿಗೆ 1985ರಲ್ಲಿ ಸೇರಿದ್ದು ಈ ಮರದ ಕೇಕು. ವರ್ಷದ ಕೊನೆಗಷ್ಟೇ ಸಿಗುತ್ತದೆ. ಅಲ್ಲಿ ಬೆಳೆದವರಿಗೆ ಅದು ಬಾಲ್ಯದ ತಿಂಡಿ. ನಮಗೆ ಅಯ್ಯಂಗಾರ್ ಬೇಕರಿಯ ಹನಿ ಕೇಕ್ ಹೇಗೋ ಹಾಗೆ. ಮೊದಲು ಕೆಂಪು ಗೆರೆಯನ್ನು ಹಲ್ಲಿನಿಂದ ಕೆರೆದು, ಆಮೇಲೆ ಪದರ ಬಿಡಿಸಿ, ಕೊನೆಗೆ ಕ್ರೀಮು ನೆಕ್ಕುವುದರಲ್ಲಿ ಅದರ ಸುಖವಿದೆ. ಹನಿ ಕೇಕಿನ ಮೇಲಿನ ಕೆಂಪು ಜಾಮ್, ಕೊಬ್ಬರಿ ಪುಡಿ, ಕೆಳಗಿನ ಒದ್ದೆ ಸ್ಪಂಜು ಇವನ್ನೆಲ್ಲ ಮಿಕ್ಸಿಗೆ ಹಾಕಿ ತಿರುವಿ ಉಂಡೆ ಮಾಡಿಕೊಟ್ಟರೆ ನಾವು ಏನೆನ್ನುತ್ತಿದ್ದೆವು?

ಇನ್ನು ಹೆಸರು. ಟ್ರಫಲ್ ಎಂದರೆ ಚಾಕೊಲೇಟು ಮತ್ತು ಬಿಸಿ ಕ್ರೀಮು ಸೇರಿಸಿ ಮಾಡಿದ ಗನಾಶ್ ಆರಿದ ಮೇಲೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿದ ಉಂಡೆ. ನೆಲದಡಿ ಬೆಳೆಯುವ, ಮಣ್ಣು ಮೆತ್ತಿದ ಬೆಲೆಬಾಳುವ ಅಣಬೆಯ ಹಾಗೆ ಕಾಣುತ್ತದೆಂದು ಆ ಹೆಸರು ಬಂತು. ಬಾಯಲ್ಲಿಟ್ಟರೆ ಅಗಿಯುವ ಮೊದಲೇ ಕರಗಬೇಕು. ಕೇಕಿನ ಉಂಡೆ ಕರಗುವುದಿಲ್ಲ, ಕರಗಲು ಸಾಧ್ಯವೂ ಇಲ್ಲ. ಒಮ್ಮೆ ಬೆಂದ ಹಿಟ್ಟು ಅದು. ಹಲ್ಲಿಗೆ ಮೆತ್ತಗೆ ಅಂಟಿಕೊಂಡು, ಸರಿಯಾಗಿ ಬೇಯದ ಕೇಕಿನ ನಡುಭಾಗದಂತೆ ಇರುತ್ತದೆ. ಇದು ಕೆಲವರಿಗೆ ಬಹಳ ಇಷ್ಟ, ಮಕ್ಕಳಿಗಂತೂ ಹೇಳಬೇಕಿಲ್ಲ. ಹಸಿ ಹಿಟ್ಟನ್ನೂ ಹಸಿ ಮೊಟ್ಟೆಯನ್ನೂ ತಿನ್ನುವ ಅಪಾಯವಿಲ್ಲದೆ ಕಲಸಿದ ಹಿಟ್ಟಿನ ಖುಷಿ ಸಿಗುತ್ತದಲ್ಲ, ಆ ಮಟ್ಟಿಗೆ ಇದರ ಪರವಾಗಿ ನಾನೂ ಒಂದು ಮಾತು ಹೇಳುತ್ತೇನೆ. ಟ್ರಫಲ್ ಅನ್ನುವುದು ಮಾತ್ರ ಅಂಗಡಿಯವನ ಜಾಣತನ. ಉಂಡೆ ಎಂದರೆ ಸಾಕಿತ್ತು.

ಇದನ್ನು ಮಾಡುವುದು ‘ಸುಲಭ’ ಎಂಬ ಮಾತನ್ನೂ ಹಾಗೇ ನುಂಗಬಾರದು. ಕಲಸುವುದು ಸುಲಭ, ಕಟ್ಟುವುದು ಇನ್ನೂ ಸುಲಭ. ರವೆ ಉಂಡೆ ಕಟ್ಟಿ ಗೊತ್ತಿರುವ ಕೈಗೆ ಇದೊಂದು ಆಟ. ಪಾಕದ ಎಳೆ ನೋಡುವ ತಲೆನೋವಿಲ್ಲ, ಆರುವ ಮೊದಲೇ ಕಟ್ಟಿ ಮುಗಿಸುವ ಧಾವಂತವಿಲ್ಲ. ಹತ್ತು ಕೇಕಿಗೆ ನಾವು ಹಾಕಿದ್ದು 4 ಔನ್ಸ್, ಅಂದರೆ ಸುಮಾರು 113 ಗ್ರಾಂ ಕ್ರೀಮ್ ಚೀಸ್. ಕೇಕಿನೊಳಗೇ ಕ್ರೀಮು ಇರುವುದರಿಂದ ಅದಕ್ಕಿಂತ ಹೆಚ್ಚು ಹಾಕಿದರೆ ಉಂಡೆ ನಿಲ್ಲುವುದಿಲ್ಲ. ಎರಡೂವರೆ ಡಜನ್ ಆಯಿತು. ಅಲ್ಲಿಯವರೆಗೆ ಅರ್ಧ ಗಂಟೆ.

ಅದ್ದುವ ಕೆಲಸಕ್ಕೆ ಕೈ ಹಾಕಿದಾಗ ಗಡಿಯಾರ ಓಡತೊಡಗಿತು. ಮೊದಲ ನಾಲ್ಕು ಉಂಡೆಗಳು ಬಿಸಿ ಲೇಪಕ್ಕೆ ಬಿದ್ದೊಡನೆ ಬಿಚ್ಚಿಕೊಂಡವು. ಅವು ಸಾಕಷ್ಟು ತಣ್ಣಗಾಗಿರಲಿಲ್ಲ. ಉಳಿದವನ್ನು ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿದೆವು. ಈಗ ಅದ್ದಿದ ಲೇಪ ಚೆನ್ನಾಗಿಯೇ ಕೂತಿತು, ಹತ್ತು ನಿಮಿಷದ ಮೇಲೆ ನೋಡಿದರೆ ಒಂದೊಂದರ ಮೇಲೂ ಕೂದಲೆಳೆಯ ಬಿರುಕು. ಒಳಗಿನ ಉಂಡೆ ಕೋಣೆಯ ಬಿಸಿಗೆ ನಿಧಾನವಾಗಿ ಹಿಗ್ಗುತ್ತದೆ, ಹೊರಗಿನ ಚಿಪ್ಪು ಆಗಲೇ ಬಿಗಿದಿರುತ್ತದೆ. ಬಿರಿಯದೆ ಇನ್ನೇನು ಮಾಡೀತು. ಫ್ರಿಜ್ಜಿನ ತಂಪಿಗೂ ಫ್ರೀಜರಿನ ಚಳಿಗೂ ನಡುವೆ ಒಂದು ಹದವಿದೆ, ಅದು ಕೈಗೆ ಸಿಗುವುದು ಎರಡನೆಯ ಡಜನಿನಲ್ಲಿ. ನಡುವೆ ಒದ್ದೆ ಚಮಚ ತಾಗಿ ಒಂದು ಬಟ್ಟಲು ಲೇಪ ಹಿಟ್ಟುಗಟ್ಟಿ ಹಾಳಾಯಿತು. ಕರಗಿದ ಚಾಕೊಲೇಟಿಗೆ ಎರಡು ಹನಿ ನೀರು ಬಿದ್ದರೂ ಸಾಕು, ಅದರ ಸಕ್ಕರೆ ಮತ್ತು ಕೋಕೋ ಕಣಗಳು ಒದ್ದೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆ ತಪ್ಪು ನನ್ನದೇ.

ಲೇಪದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ತಂಗಿ ತಂದಿದ್ದದ್ದು ಅಲ್ಲಿ ‘ಆಲ್ಮಂಡ್ ಬಾರ್ಕ್’ ಎನ್ನುವ ಇಟ್ಟಿಗೆ. ಹೆಸರಿನಲ್ಲಿ ಬಾದಾಮಿ ಇದೆ, ಒಳಗೆ ಇಲ್ಲ. ನಮ್ಮಲ್ಲಿ ಕಾಂಪೌಂಡ್ ಎಂದು ಕರೆಯುವ ಜಾತಿ ಅದು. ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು. ನಿಜವಾದ ಡಾರ್ಕ್ ಚಾಕೊಲೇಟಿನಲ್ಲಿ ಅದ್ದಬೇಕೆಂದರೆ ಪೂರ್ತಿ ಕರಗಿಸಿ, 27–28 ಡಿಗ್ರಿಗೆ ಇಳಿಸಿ, ತಿರುಗಿ 31–32 ಡಿಗ್ರಿಗೆ ಏರಿಸಬೇಕು. ಇಲ್ಲದಿದ್ದರೆ ಹೊಳಪೂ ಬರದು, ಮುರಿದಾಗ ಟಕ್ಕೆಂಬ ಸದ್ದೂ ಬರದು. ಕಾಂಪೌಂಡಿಗೆ ಈ ಯಾವ ಉಪಚಾರವೂ ಬೇಡ, ಕರಗಿಸಿ ಅದ್ದಿದರೆ ತಾನೇ ಗಟ್ಟಿಯಾಗುತ್ತದೆ. ಆ ಅನುಕೂಲದ ಬೆಲೆಯನ್ನು ನಾಲಗೆ ತೆರುತ್ತದೆ. ಕೋಕೋ ಬೆಣ್ಣೆ ಮೈಬಿಸಿಗೆ ಕರಗಿ ಹೋಗುವ ಹಾಗೆ ಇದು ಹೋಗುವುದಿಲ್ಲ, ಅಂಗುಳಕ್ಕೆ ಮೇಣ ಬಳಿದಂತೆ ಉಳಿಯುತ್ತದೆ.

ನನ್ನ ಮುಖ್ಯ ತಕರಾರು ಇರುವುದು ಸಿಹಿಯ ಬಗ್ಗೆ. ಸಿಹಿ ಕೇಕು, ಸಿಹಿ ಕ್ರೀಮು, ಸಿಹಿ ಐಸಿಂಗ್, ಅವುಗಳ ಮೇಲೆ ಸಿಹಿ ಬಿಳಿ ಲೇಪ, ಕೊನೆಗೆ ಸಕ್ಕರೆಯ ಮೇಲೆ ಹಸಿರು ಸಕ್ಕರೆ. ಇಷ್ಟರಲ್ಲಿ ಎದುರು ಮಾತಾಡುವುದು ಒಂದೇ ಒಂದು, ಕ್ರೀಮ್ ಚೀಸಿನ ಸಣ್ಣ ಹುಳಿ. ಅದೂ ಬಡಪಾಯಿ, ಹತ್ತು ಜನರ ನಡುವೆ ಒಬ್ಬನೇ ಸಾಕ್ಷಿ ಹೇಳಿದಂತೆ. ಮೊದಲ ಉಂಡೆ ಚೆನ್ನ, ಎರಡನೆಯದು ಮುಖಕ್ಕೆ ಹೊಡೆಯುತ್ತದೆ, ಮೂರನೆಯದನ್ನು ನಾನು ಮುಟ್ಟಲಿಲ್ಲ. ಕೆಲವರು ಕ್ರೀಮ್ ಚೀಸ್ ದುಬಾರಿಯೆಂದು ಅದರ ಬದಲು ಮಿಲ್ಕ್‌ಮೇಡ್ ಸುರಿಯುತ್ತಾರೆ. ಇದ್ದ ಒಬ್ಬ ಸಾಕ್ಷಿಯನ್ನೂ ಓಡಿಸಿದ ಹಾಗೆ ಅದು. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಗಟ್ಟಿ ಮೊಸರು ಎಷ್ಟೋ ವಾಸಿ. ಇನ್ನೊಂದು ಮಾತು: ಕ್ರೀಮ್ ಚೀಸ್ ಇರಲಿ, ಮೊಸರಿರಲಿ, ಒಳಗೆ ಸೇರಿದ ಮೇಲೆ ಈ ಉಂಡೆಯ ಜಾಗ ಫ್ರಿಜ್ಜು. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕುಕ್ಕಿಗಳ ಪಕ್ಕದಲ್ಲಿ ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಕೂರಬೇಕಾದ ತಿನಿಸಿಗೆ, ಡಬ್ಬಿಯಲ್ಲಿ ಹಾಕಿ ಊರಿಂದೂರಿಗೆ ಕಳಿಸಬೇಕಾದ ಉಡುಗೊರೆಗೆ ಇದು ಸಣ್ಣ ದೋಷವಲ್ಲ.

ಬೆಂದದ್ದನ್ನು ಪುಡಿಮಾಡಿ ಇನ್ನೊಂದು ಸಿಹಿ ಮಾಡುವುದೇ ತಪ್ಪೆಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಮಾದಲಿ ಮಾಡುವುದೂ ಹಾಗೇ ಅಲ್ಲವೇ? ಗೋಧಿಯ ದಪ್ಪ ಚಪಾತಿ ಬೇಯಿಸಿ, ಮುರಿದು, ಕುಟ್ಟಿ ಪುಡಿಮಾಡಿ, ಬೆಲ್ಲ, ಒಣಕೊಬ್ಬರಿ, ಹುರಿಗಡಲೆ, ಗಸಗಸೆ, ಏಲಕ್ಕಿ ಸೇರಿಸಿ ಹಾಲು ತುಪ್ಪದ ಜೊತೆ ತಿನ್ನುತ್ತಾರೆ. ಆದರೆ ಮಾದಲಿಯಲ್ಲಿ ಚಪಾತಿ ಸಪ್ಪೆ. ಕುಟ್ಟುವ ಮೊದಲು ಅದು ಸಿಹಿಯಾಗಿರಲಿಲ್ಲ, ಹಬ್ಬದ್ದೂ ಆಗಿರಲಿಲ್ಲ. ಬಾಯಿಗೆ ಹಾಕಿದರೆ ಬೆಂದ ಗೋಧಿಯ ಘಮ ಬೇರೆ ಸಿಗುತ್ತದೆ, ಗಸಗಸೆ ಬೇರೆ ಸಿಗುತ್ತದೆ, ತರಿತರಿ ಇರುತ್ತದೆ. ಕುಟ್ಟಿದ್ದರಿಂದ ಮೊದಲಿರದ ಏನೋ ಹುಟ್ಟಿದೆ. ಮರದ ಕೇಕಿನ ಉಂಡೆಯಲ್ಲಿ ನಾನು ಹುಡುಕಿದ್ದು ಅದನ್ನು. ಸಿಕ್ಕಿದ್ದು ಮೊದಲಿದ್ದದ್ದೇ, ಸ್ವಲ್ಪ ಕಡಿಮೆಯಾಗಿ.

‘ಕೊಂಡು ತಂದದ್ದನ್ನು ಮನೆಯದೆಂದು ಕೊಡುವುದು ಮೋಸ’ ಎಂಬ ಮಡಿವಂತಿಕೆಯ ಟೀಕೆಯೂ ಕೇಳಿಬರುತ್ತದೆ. ಅದರಲ್ಲಿ ನಾನು ಪಾಲುದಾರಳಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಮನೆಯಲ್ಲೇ ಕೊಬ್ಬರಿ ಹೆಚ್ಚಿ, ಬೆಲ್ಲ ಕತ್ತರಿಸಿ, ಬಿಸಿಲಿಗೆ ಒಣಗಿಸಿ ಮಾಡುವವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಅಂಗಡಿಯ ಮಿಶ್ರಣ ತಂದು, ಮನೆಯ ಪುಟ್ಟ ಡಬ್ಬಿಗಳಿಗೆ ತುಂಬಿ, ಸಕ್ಕರೆ ಅಚ್ಚು ಜೊತೆಗಿಟ್ಟು ಬೀರಿ ಬರುತ್ತೇವೆ. ಅದು ಎಳ್ಳು ಬೀರಿದ್ದು ಆಗುವುದಿಲ್ಲವೆಂದು ಯಾರೂ ಹೇಳಿಲ್ಲ. ಹಾಗೆ ನೋಡಿದರೆ ತಂಗಿ ನನಗಿಂತ ಹೆಚ್ಚು ಕೆಲಸ ಮಾಡಿದಳು. ಅವಳ ಮಗಳು ಪಕ್ಕದ ಸ್ಟೂಲಿನ ಮೇಲೆ ನಿಂತು ಉಂಡೆ ಕಟ್ಟಿದಳು; ಕೆಲವು ಗೋಲಿಯಷ್ಟು, ಕೆಲವು ಟೊಮೇಟೊದಷ್ಟು. ಒಲೆಯಿಲ್ಲ, ಬಿಸಿ ಎಣ್ಣೆಯಿಲ್ಲ, ‘ಹತ್ತಿರ ಬರಬೇಡ’ ಎಂದು ಗದರುವ ಪ್ರಮೇಯವೇ ಇಲ್ಲ. ಚಕ್ಕುಲಿ ಕರಿಯುವ ದಿನ ನಮ್ಮನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಜನವರಿಯಲ್ಲಿ, ಪರಿಚಯದವರು ಕೊಟ್ಟ ಪ್ಲಮ್ ಕೇಕಿನ ಕೊನೆಯ ಭಾಗ ಡಬ್ಬಿಯಲ್ಲಿ ಒಣಗಿ ಕೂತಿತ್ತು. ಸುಮಾರು 300 ಗ್ರಾಂ ಇದ್ದೀತು. ಅದನ್ನು ಉದುರಿಸಿ, ಮೂರು ಚಮಚ ಕಿತ್ತಳೆ ರಸ, ಅದೇ ಹಣ್ಣಿನ ಸಿಪ್ಪೆಯ ತುರಿ, ಒಂದು ಚಿಟಿಕೆ ಉಪ್ಪು, ಕರಗಿಸಿದ 100 ಗ್ರಾಂ ಕಹಿ ಚಾಕೊಲೇಟ್ ಸೇರಿಸಿದೆ. ಕ್ರೀಮ್ ಚೀಸ್ ಹಾಕಲಿಲ್ಲ, ಲೇಪದ ಗೋಜಿಗೂ ಹೋಗಲಿಲ್ಲ, ಸಿಹಿಯಿಲ್ಲದ ಕೋಕೋ ಪುಡಿಯಲ್ಲಿ ಹೊರಳಿಸಿದೆ. ಕೇಕಿನ ಸಿಹಿಗೆ ಈಗ ಕಹಿಯೂ ಹುಳಿಯೂ ಎದುರಾದವು. ನಡುನಡುವೆ ಸಿಗುವ ದ್ರಾಕ್ಷಿ, ಗೋಡಂಬಿ ಹಲ್ಲಿಗೆ ಕೆಲಸ ಕೊಟ್ಟವು. ಮೂರನೆಯ ಉಂಡೆಯನ್ನೂ ತಿಂದೆ. ರೂಪ ಮಾತ್ರ ದೇವರಿಗೇ ಪ್ರೀತಿ. ಅಮ್ಮ ತಟ್ಟೆ ನೋಡಿ, “ಇದೇನೇ, ಹುಣಸೆಹಣ್ಣಿನ ಉಂಡೆ ತಂದು ಊಟದ ಮೇಜಿನ ಮೇಲಿಟ್ಟಿದ್ದೀಯ?” ಅಂದಳು. ಮಣ್ಣು ಮೆತ್ತಿದ ಅಣಬೆಯ ಹೆಸರು ಹೊತ್ತ ತಿನಿಸಿಗೆ ಅದು ಹೊಗಳಿಕೆಯೆಂದು ನಾನು ಇಟ್ಟುಕೊಂಡೆ.

ಫೋಟೋ ತೆಗೆದು, ಅಳತೆಗಳನ್ನೆಲ್ಲ ಬರೆದು, ಮುಂದಿನ ಡಿಸೆಂಬರಿಗೆ ಹೀಗೆ ಮಾಡು ಎಂದು ತಂಗಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು: “ಚೆನ್ನಾಗೇ ಇರತ್ತೆ ಅಕ್ಕ, ನಾನು ತಿಂತೀನಿ. ಆದರೆ ಇವಳು ಕೇಳ್ತಿದ್ದಾಳೆ, ದೊಡ್ಡಮ್ಮ ಕೆಂಪು ಗೆರೆ ಯಾಕೆ ಹಾಕಿಲ್ಲ ಅಂತ.”