ಗೈಡು ಕೊಳ್ಳುವ ಮುನ್ನ ಕೆಳದಿಯ ಪುಟ ತೆರೆಯಿರಿ

ಕೆಎಎಸ್, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಅರ್ಜಿ ಕರೆದರೆ ಸಾಕು, ಪುಸ್ತಕದಂಗಡಿಗಳಲ್ಲಿ ಕರ್ನಾಟಕ ಇತಿಹಾಸದ ಗೈಡುಗಳು ರಾಶಿ ಬೀಳುತ್ತವೆ. ಯಾವುದನ್ನು ನಂಬುವುದು? ಸಾಗರ, ಹೊಸನಗರ, ತೀರ್ಥಹಳ್ಳಿಯ ಅಭ್ಯರ್ಥಿಗಳ ಕೈಯಲ್ಲಿ ಇದಕ್ಕೊಂದು ಒರೆಗಲ್ಲಿದೆ: ಕೆಳದಿ ಅರಸರ ಪುಟ. ಅಂಗಡಿಯಲ್ಲೇ ನಿಂತು ಅದೊಂದನ್ನು ಓದಿ.

ರಾಜಧಾನಿಗಳ ಹೆಸರು ಎಲ್ಲ ಗೈಡಿನಲ್ಲೂ ಸಿಗುತ್ತದೆ: ಕೆಳದಿ, ಇಕ್ಕೇರಿ, ಬಿದನೂರು. ರಾಜಧಾನಿ ಏಕೆ ಬದಲಾಯಿತು ಎಂಬುದು ಒಳ್ಳೆಯ ಗೈಡಿನಲ್ಲಿ ಮಾತ್ರ ಇರುತ್ತದೆ. ವೀರಭದ್ರ ನಾಯಕನ ಕಾಲದಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಸೂರೆಗೈದಿತು. ಆಮೇಲೆ ಗುಡ್ಡಗಳ ಕಾವಲಿದ್ದ, ಕರಾವಳಿಗಿಳಿಯುವ ಹೊಸಂಗಡಿ ಘಾಟಿಗೆ ಹತ್ತಿರದ ಬಿದನೂರು, ಅಂದರೆ ಇಂದಿನ ನಗರ, ರಾಜಧಾನಿಯಾಯಿತು. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದ. ಈ ಕಾರಣ ತಿಳಿದವರು ಕಾಲಾನುಕ್ರಮದ ಪ್ರಶ್ನೆಯಲ್ಲಿ ಎಡವುವುದಿಲ್ಲ.

ಮುಂದೆ ಶಿವಪ್ಪ ನಾಯಕನ ಶಿಸ್ತು. 'ಕಂದಾಯ ಪದ್ಧತಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ ಗೈಡನ್ನು ಕೆಳಗಿಡಿ. ಮಣ್ಣಿನ ಗುಣ ನೋಡಿ ಜಮೀನನ್ನು ವಿಂಗಡಿಸಿದ್ದು, 12 ವರ್ಷ ಬೇಸಾಯದ ಖರ್ಚು ಮತ್ತು ಫಸಲಿನ ಲೆಕ್ಕವಿಟ್ಟು ಸರಾಸರಿ ತೆಗೆದದ್ದು, ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿ ಮಾಡಿದ್ದು, ಇಷ್ಟಾದರೂ ಇರಬೇಕು. ವಿವರಣಾತ್ಮಕ ಪತ್ರಿಕೆಯಲ್ಲಿ ಅಂಕ ತರುವುದು ಇಂಥ ವಿವರವೇ.

ಚೆನ್ನಮ್ಮನ ಸಾಲನ್ನೂ ನೋಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಕೆಳದಿಯ ಚೆನ್ನಮ್ಮ. 1824ರಲ್ಲಿ ಬ್ರಿಟಿಷರ ವಿರುದ್ಧ ಕಾದಿದವಳು ಕಿತ್ತೂರಿನ ಚೆನ್ನಮ್ಮ. ಒಬ್ಬಳ ಸಾಧನೆಯನ್ನು ಇನ್ನೊಬ್ಬಳ ಹೆಸರಿಗೆ ಬರೆದ ಗೈಡಿನ ಉಳಿದ ಪುಟಗಳನ್ನು ನಂಬುವುದು ಹೇಗೆ?

ಕೊನೆಗೆ, ಕೆಳದಿಯ ಪುಟ ದಾಟಿ, ಇದೇ ಸೀಮೆಯ 1951ರ ಕಾಗೋಡು ಸತ್ಯಾಗ್ರಹದ ಪುಟವನ್ನೂ ನೋಡಿ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು ಎಂದಷ್ಟೇ ಬರೆದರೆ ಸಾಲದು. ಎಚ್. ಗಣಪತಿಯಪ್ಪನವರ ಮುಂದಾಳತ್ವ, ದೀವರ ಗೇಣಿದಾರರು, ಗೇಣಿ ಭತ್ತ ಅಳೆಯುವ ಕೊಳಗದ ತಕರಾರು ಇವೆಲ್ಲ ಬರಬೇಕು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಆರಿಸಿ ಬಂದದ್ದನ್ನೂ ಸೇರಿಸಿದ್ದರೆ ಆ ಲೇಖಕರು ಮೈಬಗ್ಗಿಸಿ ದುಡಿದಿದ್ದಾರೆಂದೇ ಅರ್ಥ.

ನಾಲ್ಕು ಗೈಡು ಕೊಂಡು ನಾಲ್ಕನ್ನೂ ಅರ್ಧಕ್ಕೆ ಬಿಡುವವರೇ ಹೆಚ್ಚು. ಈ ಪರೀಕ್ಷೆಯಲ್ಲಿ ಗೆದ್ದ ಒಂದೇ ಗೈಡು ಸಾಕು. ಜೊತೆಗೆ ಶಾಲೆಯ ಪಠ್ಯಪುಸ್ತಕಗಳು, ಸೂರ್ಯನಾಥ ಕಾಮತರ ಕರ್ನಾಟಕ ಇತಿಹಾಸ, ಹಳೆಯ ಪ್ರಶ್ನೆಪತ್ರಿಕೆಗಳು ಇರಲಿ. ಮೊದಲು ಪಠ್ಯ ಓದಿ, ಉತ್ತರ ಬರೆದು, ಆಮೇಲೆ ಗೈಡು ತೆರೆದು ತಾಳೆ ನೋಡಿ. ತಾವೇ ಬರೆದು ತಿದ್ದಿಕೊಂಡದ್ದು ಪರೀಕ್ಷೆಯ ಕೋಣೆಯಲ್ಲಿ ಕೈಕೊಡುವುದಿಲ್ಲ.