ಚಂದನ್ ಶೆಟ್ಟಿ ಪರವಾಗಿ ನಾಲ್ಕು ಮಾತು

ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಬೆಳೆದ ನಮ್ಮಂಥವರಿಗೆ ಒಂದು ಕಾಲಕ್ಕೆ ರ‍್ಯಾಪ್ ಎಂದರೆ ಇಂಗ್ಲಿಷ್, ಇಲ್ಲವೇ ಹಿಂದಿ. ಎಮಿನೆಮ್‌ನ ಹಾಡುಗಳನ್ನು ಅರ್ಥವಾಗದೆಯೂ ಬಾಯಿಪಾಠ ಮಾಡುತ್ತಿದ್ದೆವು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಅವುಗಳಿಂದ ಆ ಬಿರುಸಿನ ಹೊಡೆತ ಬರುವುದಿಲ್ಲ ಎಂದು ವಾದಿಸುತ್ತಿದ್ದೆವು.

ನಾವು ಮರೆತದ್ದು ನಮ್ಮದೇ ಆಡುಮಾತನ್ನು. ‘ಬಂದುಬಿಟ್ಟ’ ಎಂದು ಬರೆದರೂ ‘ಬಂದ್ಬಿಟ್ಟ’ ಎಂದೇ ನಾವು ಮಾತಾಡುವುದು. ಸ್ವರ ನುಂಗುವ ಈ ಬೀದಿ ಕನ್ನಡ ತಾಳಕ್ಕೆ ಚೆನ್ನಾಗಿಯೇ ಕೂರುತ್ತದೆ. ಇದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಆಲ್ ಓಕೆ ಮೊದಲಾದವರ ಜೊತೆ ಹಾಸನ ಜಿಲ್ಲೆಯ ಚಂದನ್ ಶೆಟ್ಟಿಯೂ ಒಬ್ಬರು. ನಾವು ಅವರ ಅಭಿಮಾನಿಗಳಾದದ್ದು ಈ ಕಾರಣಕ್ಕೆ. ಹಾಗಾಗಿ ಅವರ ಮೇಲಿನ ಆಕ್ಷೇಪಗಳಿಗೆ ಉತ್ತರಿಸುವ ಹೊಣೆಯೂ ನಮ್ಮದು.

ಮೊದಲನೆಯದು ಅಮಲಿನದು. ಅವರ ‘ತ್ರೀ ಪೆಗ್’ ಬಗ್ಗೆ ಈ ಮಾತು ಮೊದಲಿನಿಂದಲೂ ಇದೆ. 2018ರಲ್ಲಿ ‘ಅಂತ್ಯ’ ಚಿತ್ರದ ಗಾಂಜಾ ಹಾಡಿಗಾಗಿ ಸಿಸಿಬಿ ಪೊಲೀಸರು ಅವರನ್ನು ಕರೆಸಿಕೊಂಡರು. ಮದ್ಯ ನಿಷಿದ್ಧವಾಗಿರುವ ಮನೆಗಳ ಓದುಗರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಕುಡಿತದ ಪ್ರಸ್ತಾಪವೆಲ್ಲ ಕುಡಿತದ ಪ್ರಚಾರವೇ? ಜಿ.ಪಿ. ರಾಜರತ್ನಂ ಕುಡುಕ ರತ್ನನ ಬಾಯಲ್ಲಿ ಕನ್ನಡದ ಪ್ರೀತಿಯನ್ನು ನುಡಿಸಿದರು. ಡಿವಿಜಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು. ಚಂದನ್ ಅವರನ್ನು ಆ ಸಾಲಿನಲ್ಲಿ ಕೂರಿಸಲು ನಾವು ಹೊರಟಿಲ್ಲ. ಅವರಲ್ಲಿರುವುದು ಮೋಜು, ಆಳವಲ್ಲ. ಗಾಂಜಾ ಹಾಡನ್ನು ಹಾಡದಿದ್ದರೇ ಚೆನ್ನಾಗಿತ್ತು ಎಂದೂ ಒಪ್ಪುತ್ತೇವೆ. ಆದರೆ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೇ ಮದ್ಯದಂಗಡಿ ನಡೆಸುವ ರಾಜ್ಯದಲ್ಲಿ ನೀತಿಯ ಭಾರವನ್ನೆಲ್ಲ ಒಬ್ಬ ಹಾಡುಗಾರನ ತಲೆಗೆ ಹೊರಿಸುವುದು ಯಾವ ನ್ಯಾಯ?

ಎರಡನೆಯದು 2019ರ ಯುವ ದಸರಾ. ಮೈಸೂರಿನ ಆ ಸರ್ಕಾರಿ ವೇದಿಕೆಯಲ್ಲಿ ಅವರು ನಿವೇದಿತಾ ಗೌಡ ಅವರಿಗೆ ಪ್ರೇಮ ನಿವೇದನೆ ಮಾಡಿಕೊಂಡರು. ಜಾಗ ತಪ್ಪು, ನಿಜ. ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮೂರನೆಯದಕ್ಕೆ ನಮ್ಮಲ್ಲಿ ಸಮರ್ಥನೆಯಿಲ್ಲ. 2020ರ ‘ಕೋಲುಮಂಡೆ’ ಹಾಡಿನ ದೃಶ್ಯಗಳಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಮಲೆ ಮಹದೇಶ್ವರನ ಭಕ್ತರನ್ನು ನೋಯಿಸಿತು. ಕಂಸಾಳೆಯವರು ತಲೆಮಾರುಗಳಿಂದ ಭಕ್ತಿಯಿಂದ ಹಾಡಿಕೊಂಡು ಬಂದ ಕಥೆ ಅದು. ಅದನ್ನು ಮುಟ್ಟುವವರಿಗೆ ಎಚ್ಚರ ಇರಬೇಕಿತ್ತು. ಹಾಡನ್ನು ಹಿಂತೆಗೆದುಕೊಳ್ಳಲಾಯಿತು, ಚಂದನ್ ಕ್ಷಮೆ ಕೋರಿದರು.

ಇಲ್ಲಿಯೇ ಅವರ ವ್ಯಕ್ತಿತ್ವದ ಬಗ್ಗೆ ಒಂದು ಮಾತು ಹೇಳಬೇಕು. ತಪ್ಪು ತೋರಿಸಿದಾಗ ಅವರು ಅಭಿಮಾನಿಗಳನ್ನು ಛೂ ಬಿಡಲಿಲ್ಲ, ತಾವೇ ತಲೆಬಾಗಿದರು. 2024ರಲ್ಲಿ ದಾಂಪತ್ಯ ಮುರಿದಾಗಲೂ ಅವರೂ ನಿವೇದಿತಾ ಅವರೂ ಜೊತೆಯಾಗಿ ಪತ್ರಿಕಾಗೋಷ್ಠಿ ನಡೆಸಿದರು, ಪರಸ್ಪರ ಕೆಸರೆರಚಲಿಲ್ಲ. ಅಹಂಕಾರವನ್ನೇ ಬಂಡವಾಳ ಮಾಡಿಕೊಂಡ ರ‍್ಯಾಪ್ ಲೋಕದಲ್ಲಿ ಈ ಗುಣ ಅಪರೂಪ.

ನೆಚ್ಚಿನ ನಟನನ್ನು ಯಾರಾದರೂ ಟೀಕಿಸಿದರೆ ಮೈಮೇಲೆ ಬೀಳುವುದನ್ನೇ ಅಭಿಮಾನ ಎಂದುಕೊಂಡಿರುವ ನಾಡು ನಮ್ಮದು. ಮೆಚ್ಚಿದವರ ತಪ್ಪನ್ನು ತಪ್ಪೆಂದು ಹೇಳಿಯೂ ಅವರ ಜೊತೆ ನಿಲ್ಲಬಹುದಲ್ಲವೇ? ನಾವು ಚಂದನ್ ಶೆಟ್ಟಿಯ ಜೊತೆ ನಿಂತಿರುವುದು ಹಾಗೆಯೇ.